ಮೂಸಿಯ ದಂಡೆಯಲ್ಲಿ ವಿಶ್ವೇಶ್ವರಯ್ಯನವರು

ಈ ವರ್ಷದ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಅಧ್ಯಾಪಕರು ನನಗೆ ಅಪ್ಪಣೆ ಮಾಡಿದಾಗ ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೇಳಿದೆ. ಅವರು ಸಣ್ಣಗೆ ನಕ್ಕರು. ಆ ನಗುವಿನ ಅರ್ಥ ನನಗೆ ತಿಳಿಯದೆ ಇರಲಿಲ್ಲ. ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಜೋಡಿಸಿಟ್ಟಿರುವ ಹಳೆಯ ಸಂಚಿಕೆಗಳನ್ನು ತೆರೆದು ನೋಡಿದರೆ ಎರಡು ಮೂರು ವರ್ಷಕ್ಕೊಮ್ಮೆಯಾದರೂ ವಿಶ್ವೇಶ್ವರಯ್ಯನವರ ಮೇಲೆ ಒಂದು ಲೇಖನ ಇದ್ದೇ ಇರುತ್ತದೆ. ಅದರಲ್ಲಿ ಕನ್ನಂಬಾಡಿ ಕಟ್ಟೆ ಇರುತ್ತದೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇರುತ್ತದೆ, ಕೊನೆಗೆ ಸರ್ಕಾರದ ಮೇಣದ ಬತ್ತಿ ಮತ್ತು ಸ್ವಂತ ಮೇಣದ ಬತ್ತಿಯ ಕಥೆಯೂ ಇರುತ್ತದೆ. ಆ ಕಥೆ ನಿಜವೋ ಕಟ್ಟಿದ್ದೋ ನಾನು ಅರಿಯೆ. ಇಲ್ಲಿ ಅದನ್ನು ಬರೆಯುವುದಿಲ್ಲ. ಕನ್ನಂಬಾಡಿಯ ವಿಷಯವನ್ನೂ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತೇನೆ. ನಾನು ಬರೆಯಬೇಕೆಂದಿರುವುದು ಅವರು ಒಂದು ಹಳೆಯ ಪಟ್ಟಣವನ್ನು ಅದರ ಹೊಳೆಯಿಂದ ಕಾಪಾಡಲು ಹೊರಟ ವಿಷಯ. ಆ ಪಟ್ಟಣ ಹೈದರಾಬಾದು. ನಮ್ಮ ಕಲಬುರಗಿಯವರಿಗೆ ಅದು ಪರದೇಶವಲ್ಲ. 1948ರವರೆಗೆ ನಾವೂ ಅದೇ ಸಂಸ್ಥಾನದ ಪ್ರಜೆಗಳಾಗಿದ್ದೆವು. ಇಂದಿಗೂ ನಮ್ಮ ಎಷ್ಟೋ ಮನೆಗಳ ಒಬ್ಬರಾದರೂ ಅಲ್ಲಿ ದುಡಿಯುತ್ತಿದ್ದಾರೆ.

ನನಗೆ ಈ ವಿಷಯ ಪುಸ್ತಕದಿಂದ ಹೊಳೆದುದಲ್ಲ. 2025ರ ಸೆಪ್ಟೆಂಬರ್ 26ರ ರಾತ್ರಿ ನಾನು ಹೈದರಾಬಾದಿನ ಇಮ್ಲಿಬನ್ ಬಸ್ ನಿಲ್ದಾಣದಲ್ಲಿದ್ದೆ. ನನ್ನ ಸೋದರಮಾವ ಚಾದರ್‌ಘಾಟಿನ ಒಂದು ತಗ್ಗಿನ ಓಣಿಯಲ್ಲಿ ಹೊಲಿಗೆಯ ಅಂಗಡಿ ಇಟ್ಟುಕೊಂಡಿದ್ದಾರೆ. ಅವರನ್ನು ನೋಡಿಕೊಂಡು ಊರಿಗೆ ಮರಳುವವನಿದ್ದೆ. ಆ ನಿಲ್ದಾಣವನ್ನು ಕಂಡವರಿಗೆ ಗೊತ್ತು, ಅದು ಇರುವುದೇ ಮೂಸಿ ನದಿಯ ನಡುಗಡ್ಡೆಯಲ್ಲಿ. ಬೇಸಿಗೆಯಲ್ಲಿ ಹೋದವರಿಗೆ ಅದು ನಡುಗಡ್ಡೆಯೆಂದು ತೋರುವುದೇ ಇಲ್ಲ. ಪಕ್ಕದಲ್ಲಿ ಒಂದು ಕಪ್ಪನೆಯ ಕೊಳಚೆಯ ಕಾಲುವೆ ಕಾಣುತ್ತದೆ, ಅಷ್ಟೆ. ಆ ರಾತ್ರಿ ಮಾತ್ರ ಅದು ನಡುಗಡ್ಡೆಯೆಂಬುದು ಎಲ್ಲರಿಗೂ ತಿಳಿಯಿತು. ಮೇಲ್ಗಡೆಯ ಎರಡು ಜಲಾಶಯಗಳ ಬಾಗಿಲುಗಳನ್ನು ತೆರೆದಿದ್ದರು. ನೀರು ಮೊದಲು ಬಸ್ಸುಗಳ ಚಕ್ರದವರೆಗೆ ಬಂತು, ಆಮೇಲೆ ನಾವು ಕುಳಿತಿದ್ದ ಕಟ್ಟೆಯ ಅಂಚಿಗೆ ಬಂತು. ಜನರು ಮೂಟೆಗಳನ್ನು ತಲೆಯ ಮೇಲೆ ಹೊತ್ತು ನಿಂತರು. ಹಗ್ಗ ಹಿಡಿದು ನಮ್ಮನ್ನು ದಾಟಿಸಿದರು. ನನ್ನ ಮುಂದೆ ಒಬ್ಬ ಮುದುಕಿ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಚಪ್ಪಲಿಗಳನ್ನು ಹಿಡಿದುಕೊಂಡು ನಡೆಯುತ್ತಿದ್ದಳು. ದಡ ಸೇರಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಆ ಚಪ್ಪಲಿಗಳನ್ನು ಕೆಳಗಿಟ್ಟು ಮೆಟ್ಟಿಕೊಂಡದ್ದು.

ಮರುದಿನ ಮಾವನ ಮನೆಯ ಮಾಳಿಗೆಯಲ್ಲಿ ಕುಳಿತಿದ್ದಾಗ ಅವರು ಹೇಳಿದರು, ಈ ಬಾಗಿಲುಗಳಿರುವ ಕಟ್ಟೆಗಳ ಯೋಜನೆಯನ್ನು ಮಾಡಿದವರು ನಿಮ್ಮ ವಿಶ್ವೇಶ್ವರಯ್ಯನವರೇ ಎಂದು. ಹೊಗಳಿ ಹೇಳಿದರೋ ದೂರಿ ಹೇಳಿದರೋ ನನಗೆ ತಿಳಿಯಲಿಲ್ಲ. ಊರಿಗೆ ಬಂದು ಓದತೊಡಗಿದೆ.

ವಿಶ್ವೇಶ್ವರಯ್ಯನವರು ಹುಟ್ಟಿದುದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ವರ್ಷ 1860 ಎಂದು ಕೆಲವರು, 1861 ಎಂದು ಕೆಲವರು ಬರೆಯುತ್ತಾರೆ; ನೂರು ವರ್ಷ ದಾಟಿ ಬದುಕಿದವರ ವಿಷಯದಲ್ಲಿ ಒಂದು ವರ್ಷದ ಜಗಳ ನಮಗೆ ಬೇಡ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮಗ ಇನ್ನೂ ಚಿಕ್ಕವನಾಗಿದ್ದಾಗಲೇ ಅವರು ತೀರಿಕೊಂಡರು. ಹುಡುಗ ಬೆಂಗಳೂರಿಗೆ ಬಂದು, ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದನು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆ ಹೊಂದಿದನು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯ ಕೆಲಸ ದೊರೆಯಿತು. ಇಲ್ಲಿಂದ ಮುಂದೆ ಏಕವಚನ ಸಲ್ಲದು.

ಅವರ ಮೊದಲ ಇಪ್ಪತ್ತನಾಲ್ಕು ವರ್ಷಗಳ ಸೇವೆ ಕನ್ನಡ ನಾಡಿನಲ್ಲಿ ನಡೆದುದಲ್ಲ ಎಂಬುದನ್ನು ನಮ್ಮ ಲೇಖನಗಳು ಬೇಗ ದಾಟಿಬಿಡುತ್ತವೆ. ಆದರೆ ಅವರು ನೀರನ್ನು ಕಲಿತದ್ದು ಅಲ್ಲಿಯೇ. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಬೇಕಾಗಿತ್ತು. ಸಿಂಧೂ ನದಿ ಪಕ್ಕದಲ್ಲೇ ಹರಿಯುತ್ತದೆ, ಆದರೆ ನೀರು ಕೆಸರು. ಸೋಸುವ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯಲ್ಲಿ ಹಣವಿಲ್ಲ. ಅವರು ಹೊಳೆಯ ಪಾತ್ರದ ಮರಳಿನಲ್ಲಿಯೇ ಬಾವಿಯನ್ನು ತೋಡಿಸಿದರು. ಮರಳೇ ನೀರನ್ನು ಸೋಸಿಕೊಟ್ಟಿತು. ಆ ಸೋಸಿದ ನೀರನ್ನು ಯಂತ್ರದಿಂದ ಗುಡ್ಡದ ಮೇಲಕ್ಕೆ ಏರಿಸಿ ಊರಿಗೆ ಹಂಚಿದರು. ನಮ್ಮ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಹೆಂಗಸರು ಹಳ್ಳದ ಮರಳನ್ನು ಕೈಯಿಂದ ತೋಡಿ ಒರತೆಯಿಂದ ತಿಳಿನೀರನ್ನು ತುಂಬಿಕೊಳ್ಳುತ್ತಾರಲ್ಲವೇ, ಅದೇ ಉಪಾಯ ಇದು, ಇಡೀ ಪಟ್ಟಣದ ಅಳತೆಗೆ ಬೆಳೆದು ನಿಂತದ್ದು.

ಪುಣೆಗೆ ಬಂದ ಮೇಲೆ ಖಡಕವಾಸ್ಲಾ ಜಲಾಶಯದ ಕೆಲಸ ಅವರ ಪಾಲಿಗೆ ಬಂತು. ಪ್ರತಿ ಮಳೆಗಾಲದಲ್ಲಿಯೂ ಕೆರೆ ತುಂಬಿ ಕೋಡಿಯ ಮೇಲೆ ನೀರು ವ್ಯರ್ಥವಾಗಿ ಹರಿದುಹೋಗುತ್ತಿತ್ತು. ಕೋಡಿಯನ್ನು ಎತ್ತರಿಸಿದರೆ ಹೆಚ್ಚು ನೀರು ನಿಲ್ಲುತ್ತದೆ ನಿಜ, ಆದರೆ ದೊಡ್ಡ ಮಳೆ ಬಂದ ದಿನ ಏರಿಗೇ ಅಪಾಯ. ಅವರು ಕೋಡಿಯ ಮೇಲೆ ತಾವೇ ತೆರೆದು ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಯೋಚಿಸಿದರು. ನೀರು ಒಂದು ಮಟ್ಟದವರೆಗೆ ಏರುವ ತನಕ ಬಾಗಿಲು ಮುಚ್ಚಿರುತ್ತದೆ; ಅದನ್ನು ಮೀರಿತೆಂದರೆ ನೀರಿನ ಒತ್ತಡದಿಂದಲೇ ತೆರೆದುಕೊಳ್ಳುತ್ತದೆ; ನೀರು ಇಳಿದೊಡನೆ ಮತ್ತೆ ಮುಚ್ಚಿಕೊಳ್ಳುತ್ತದೆ. ಮಧ್ಯರಾತ್ರಿಯ ಮಳೆಯಲ್ಲಿ ಕಾವಲುಗಾರನು ನಿದ್ರೆ ಹೋದರೂ ಚಿಂತೆಯಿಲ್ಲ. 1903ರಲ್ಲಿ ಅವು ಕೆಲಸಕ್ಕೆ ಬಂದವು. ತಮ್ಮ ಹೆಸರಿನಲ್ಲಿ ಹಕ್ಕುಪತ್ರವಿದ್ದರೂ ಸರ್ಕಾರದಿಂದ ಅವರು ಗೌರವಧನವನ್ನು ತೆಗೆದುಕೊಳ್ಳಲಿಲ್ಲ. ಈ ಖಡಕವಾಸ್ಲಾದ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೇಖನದ ಕೊನೆಯ ಭಾಗದಲ್ಲಿ ಅದು ಇನ್ನೊಮ್ಮೆ ಬರುತ್ತದೆ.

1906ರಲ್ಲಿ ಏಡನ್ನಿಗೆ ಹೋಗಿ ಅಲ್ಲಿನ ನೀರು ಮತ್ತು ಚರಂಡಿಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟು ಬಂದರು. 1908ರ ಹೊತ್ತಿಗೆ ಅವರಿಗೆ ಒಂದು ಮಾತು ಸ್ಪಷ್ಟವಾಗಿತ್ತು: ಆ ಇಲಾಖೆಯಲ್ಲಿ ಭಾರತೀಯನೊಬ್ಬ ಮುಖ್ಯ ಇಂಜಿನಿಯರ್ ಆಗುವ ಸಂಭವವಿಲ್ಲ. ಕೆಲಸವನ್ನು ಬಿಟ್ಟು ಯೂರೋಪಿನ ಪ್ರವಾಸಕ್ಕೆ ಹೊರಟರು. ಕೆಲಸ ಬಿಟ್ಟವರು ಸಾಮಾನ್ಯವಾಗಿ ತೀರ್ಥಯಾತ್ರೆಗೆ ಹೋಗುತ್ತಾರೆ. ಇವರು ಅಣೆಕಟ್ಟು, ಚರಂಡಿಗಳನ್ನು ನೋಡಲು ಹೋದರು. ಇಟಲಿಯಲ್ಲಿದ್ದಾಗ ಹೈದರಾಬಾದಿನ ನಿಜಾಮರ ಸರ್ಕಾರದಿಂದ ಅವರಿಗೆ ತಂತಿ ಬಂತು.

ಆ ತಂತಿಯ ಹಿಂದೆ ಏನು ನಡೆದಿತ್ತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಹೈದರಾಬಾದು 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಷಾ ಕಟ್ಟಿದ ಪಟ್ಟಣ. ನಡುವೆ ಚಾರ್ಮಿನಾರ್, ಉತ್ತರಕ್ಕೆ ಮೂಸಿ. ಹೊಳೆಯನ್ನು ದಾಟುವ ಪುರಾನಾ ಪುಲ್ ಪಟ್ಟಣಕ್ಕಿಂತ ಹಳೆಯದು, 1578ರದು. ಕೋಟೆಯ ಗೋಡೆ, ಅದರ ದರ್ವಾಜೆಗಳು, ಹೊಳೆಯ ಅಂಚಿನವರೆಗೂ ಒತ್ತೊತ್ತಾಗಿ ಬೆಳೆದ ಓಣಿಗಳು. ಮೂಸಿ ನಮ್ಮ ಭೀಮೆ ಕೃಷ್ಣೆಯರಂತೆ ದೊಡ್ಡ ಹೊಳೆಯಲ್ಲ. ವಿಕಾರಾಬಾದಿನ ಅನಂತಗಿರಿ ಗುಡ್ಡಗಳಲ್ಲಿ ಹುಟ್ಟಿ, ಪಟ್ಟಣದ ಸ್ವಲ್ಪ ಮೇಲೆ ಈಸಿ ಎಂಬ ಇನ್ನೊಂದು ಹೊಳೆಯನ್ನು ಕೂಡಿಕೊಂಡು ಬರುತ್ತದೆ. ವರ್ಷದ ಬಹುಕಾಲ ಅದರಲ್ಲಿ ಮಂಡಿಯುದ್ದ ನೀರೂ ಇರುವುದಿಲ್ಲ. ಇಂಥ ಹೊಳೆಯೇ ಪಟ್ಟಣಕ್ಕೆ ಹೆಚ್ಚು ಅಪಾಯಕರ. ದೊಡ್ಡ ಹೊಳೆಗೆ ಜನರು ಹೆದರುತ್ತಾರೆ, ದೂರ ಇರುತ್ತಾರೆ. ಚಿಕ್ಕ ಹೊಳೆಯ ಪಾತ್ರದಲ್ಲಿ ಮನೆ ಕಟ್ಟುತ್ತಾರೆ.

1908ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಬಂಗಾಳ ಕೊಲ್ಲಿಯಿಂದ ಬಂದ ಸುಳಿಗಾಳಿಯ ಮಳೆ ಮೂಸಿಯ ಜಲಾನಯನದ ಮೇಲೆ ನಿಂತುಬಿಟ್ಟಿತು. ಶಂಶಾಬಾದಿನಲ್ಲಿ ಒಂದು ಹಗಲು ರಾತ್ರಿಯಲ್ಲಿ ಹತ್ತು ಅಂಗುಲಕ್ಕೂ ಮೀರಿ ಮಳೆ ಬಿತ್ತು. ಸೆಪ್ಟೆಂಬರ್ 28ರಂದು ಹೊಳೆ ಪಟ್ಟಣದೊಳಗೆ ಹೊಕ್ಕಿತು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಈ ಮೂರು ಸೇತುವೆಗಳು ಕೊಚ್ಚಿಹೋದವು; ಹಳೆಯ ಪುರಾನಾ ಪುಲ್ ಒಂದೇ ಉಳಿಯಿತು. ಅಫ್ಜಲ್ ಗಂಜಿನ ಆಸ್ಪತ್ರೆ ರೋಗಿಗಳ ಸಮೇತ ಹೋಯಿತು. ಸತ್ತವರು ಹದಿನೈದು ಸಾವಿರ ಎಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಬಿದ್ದ ಮನೆಗಳು ಹತ್ತೊಂಬತ್ತು ಸಾವಿರ. ಅಫ್ಜಲ್ ಗಂಜಿನ ಒಂದು ಹುಣಸೆಯ ಮರವನ್ನು ಹತ್ತಿದ ನೂರೈವತ್ತು ಮಂದಿ ಬದುಕಿಕೊಂಡರು. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಆಗಿನ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ನಿರಾಶ್ರಿತರಿಗೆ ಅರಮನೆಗಳ ಬಾಗಿಲು ತೆರೆಸಿ ಅನ್ನ ಹಾಕಿಸಿದರು. ಅವರು ಹೊಳೆಗೆ ಇಳಿದು ಆರತಿ ಎತ್ತಿ ಬಾಗಿನ ಕೊಟ್ಟು ಶಾಂತಳಾಗೆಂದು ಬೇಡಿಕೊಂಡರೆಂದು ಜನರು ಇಂದಿಗೂ ಹೇಳುತ್ತಾರೆ. ಮಾವನ ಓಣಿಯ ಮುದುಕರೊಬ್ಬರು ನನಗೆ ಇದನ್ನು ಕಣ್ಣಾರೆ ಕಂಡವರಂತೆ ವರ್ಣಿಸಿದರು.

ಪ್ರಾರ್ಥನೆಯ ಜೊತೆಗೆ ಲೆಕ್ಕವೂ ಬೇಕೆಂದು ಆ ಸರ್ಕಾರಕ್ಕೆ ತೋರಿದುದು ದೊಡ್ಡ ಮಾತು. ವಿಶ್ವೇಶ್ವರಯ್ಯನವರು ತಮ್ಮ ಪ್ರವಾಸವನ್ನು ನಡುವೆ ನಿಲ್ಲಿಸಲು ಒಪ್ಪಲಿಲ್ಲ. ಮುಗಿಸಿಕೊಂಡು ಬರುವುದಾಗಿ ತಿಳಿಸಿದರು. ಅಲ್ಲಿಯವರೆಗೆ ಕಾಯಲು ಸರ್ಕಾರ ಒಪ್ಪಿತು. 1909ರ ಏಪ್ರಿಲ್ 15ರಂದು ಅವರು ಹೈದರಾಬಾದಿಗೆ ಬಂದರು.

ಆಗ ಪ್ರವಾಹ ಇಳಿದು ಆರು ತಿಂಗಳಾಗಿತ್ತು. ಬೇಸಿಗೆಯ ಮೂಸಿ ಒಂದು ಸಣ್ಣ ತೊರೆಯಾಗಿರಬೇಕು. ಅದನ್ನು ನೋಡಿ, ಅಂದು ಎಷ್ಟು ನೀರು ಬಂದಿತ್ತು ಎಂದು ಹೇಳುವುದು ಹೇಗೆ? ಇಂಜಿನಿಯರುಗಳಿಗೆ ಅದಕ್ಕೆ ದಾರಿಯುಂಟು. ಗೋಡೆಗಳ ಮೇಲೆ ನೀರು ಬಿಟ್ಟುಹೋದ ಗೆರೆಗಳಿಂದ ಅದರ ಎತ್ತರ ತಿಳಿಯುತ್ತದೆ. ಪಾತ್ರದ ಅಗಲ ಮತ್ತು ಇಳಿಜಾರನ್ನು ಅಳೆದರೆ ವೇಗ ತಿಳಿಯುತ್ತದೆ. ಎರಡನ್ನೂ ಸೇರಿಸಿದರೆ ಪ್ರಮಾಣ. ಅವರು ಕಂಡುಕೊಂಡ ಲೆಕ್ಕ ಸೆಕೆಂಡಿಗೆ 4,25,000 ಘನ ಅಡಿ. ಈ ಒಂದು ಸಂಖ್ಯೆಯನ್ನು ನಾನು ಮತ್ತೆ ಮತ್ತೆ ನೋಡಿದೆ. ಅದು ಸಿಕ್ಕುವವರೆಗೆ ಪ್ರವಾಹವೆಂದರೆ ದೈವದ ಕೋಪ. ಸಿಕ್ಕಿದ ಮೇಲೆ ಅದು ಎಲ್ಲಿಯೋ ತಡೆದು ನಿಲ್ಲಿಸಬಹುದಾದ ಇಷ್ಟು ನೀರು.

ಎರಡನೆಯದಾಗಿ ಅವರು ಕೆರೆಗಳ ಕಡೆಗೆ ಕಣ್ಣು ಹಾಯಿಸಿದರು. ಮೂಸಿಯ ಜಲಾನಯನದಲ್ಲಿ 788 ಕೆರೆಗಳಿದ್ದವು. ಅವುಗಳಲ್ಲಿ 221 ಕೆರೆಗಳು ಆ ಮಳೆಯಲ್ಲಿ ಒಡೆದಿದ್ದವು. ಕೆರೆಯ ನಾಡಿನವರಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ನಮ್ಮ ಹಿರಿಯರು ಸರಪಳಿಯಾಗಿ ಕೆರೆಗಳನ್ನು ಕಟ್ಟಿದರು. ಒಳ್ಳೆಯ ವರ್ಷದಲ್ಲಿ ಈ ಸರಪಳಿ ಅನ್ನ ಕೊಡುತ್ತದೆ. ಕೆಟ್ಟ ದಿನದಲ್ಲಿ ಮೇಲಿನ ಏರಿ ಒಡೆದರೆ ಕೆಳಗಿನದು ತಾಳಲಾರದು, ಅದು ಒಡೆದರೆ ಅದರ ಕೆಳಗಿನದು. ಮಳೆಯ ನೀರಿಗೆ ವರ್ಷಗಟ್ಟಲೆ ಕೂಡಿಟ್ಟ ನೀರೂ ಸೇರಿ ಒಂದೇ ರಾತ್ರಿ ಪಟ್ಟಣದ ಬಾಗಿಲಿಗೆ ಬರುತ್ತದೆ. ಹೈದರಾಬಾದನ್ನು ಮುಳುಗಿಸಿದುದು ಆಕಾಶ ಮಾತ್ರವಲ್ಲ ಎಂಬುದು ಹೀಗೆ ಕಾಗದದ ಮೇಲೆ ಬಂತು.

ಇನ್ನು ಪರಿಹಾರ. ಹೊಳೆಯ ಉದ್ದಕ್ಕೂ ಎತ್ತರವಾದ ಗೋಡೆ ಕಟ್ಟಿಬಿಡೋಣವೆಂದು ಯಾರಿಗಾದರೂ ಮೊದಲು ತೋರುತ್ತದೆ. ಗೋಡೆಯಿಂದ ನೀರು ಕಡಿಮೆಯಾಗುವುದಿಲ್ಲ. ಪಾತ್ರ ಇಕ್ಕಟ್ಟಾಗಿ ನೀರು ಇನ್ನೂ ಎತ್ತರಕ್ಕೆ ಏರುತ್ತದೆ, ವೇಗ ಹೆಚ್ಚುತ್ತದೆ, ಗೋಡೆ ಮುಗಿದ ಕಡೆ ಸೇಡು ತೀರಿಸಿಕೊಳ್ಳುತ್ತದೆ. ಹೊಳೆಯನ್ನು ಅಗಲ ಮಾಡೋಣವೆಂದರೆ ಮುನ್ನೂರು ವರ್ಷದ ಪಟ್ಟಣವನ್ನು ಎರಡೂ ಕಡೆ ಕೆಡವಬೇಕು. ಉಳಿಸಬೇಕೆಂದು ಹೊರಟ ವಸ್ತುವನ್ನೇ ಕೆಡವಿದಂತೆ. ವಿಶ್ವೇಶ್ವರಯ್ಯನವರು ತಮ್ಮ ಪರಿಹಾರದ ಮುಖ್ಯ ಭಾಗವನ್ನು ಪಟ್ಟಣದಿಂದ ಹೊರಗೆ ಇಟ್ಟರು. ಹೊಳೆಗಳು ಕೂಡುವ ಮೊದಲೇ, ಮೂಸಿಗೊಂದು ಈಸಿಗೊಂದು, ಎರಡು ದೊಡ್ಡ ಜಲಾಶಯಗಳು. ಪಟ್ಟಣದ ಪಾತ್ರ ಎಷ್ಟು ನೀರನ್ನು ಸುರಕ್ಷಿತವಾಗಿ ಸಾಗಿಸಬಲ್ಲದೋ ಅಷ್ಟನ್ನೇ ಕೆಳಗೆ ಬಿಡುವುದು. ಉಳಿದುದನ್ನು ಜಲಾಶಯದಲ್ಲಿ ತಡೆದಿಟ್ಟುಕೊಂಡು, ಮಳೆ ನಿಂತ ಮೇಲೆ ನಿಧಾನವಾಗಿ ಬಿಡುವುದು. ಪಟ್ಟಣದೊಳಗೆ ಮಾತ್ರ ದಂಡೆಗಳನ್ನು ಎತ್ತರಿಸಿ ಅಲ್ಲಿ ಉದ್ಯಾನಗಳನ್ನೂ ತಿರುಗಾಡುವ ಹಾದಿಗಳನ್ನೂ ಮಾಡಬೇಕೆಂದರು. ಚೆಲುವಿಗಾಗಿ ಎಂದು ಇದನ್ನು ಓದುವವರುಂಟು. ನನಗೆ ತೋರುವಂತೆ ಅದರಲ್ಲಿ ಇನ್ನೊಂದು ಜಾಣತನವೂ ಇದೆ: ಹೂದೋಟ ಒಂದು ದಿನ ಮುಳುಗಿದರೆ ಯಾರೂ ಸಾಯುವುದಿಲ್ಲ.

ಈ ಜಲಾಶಯದ ಮರ್ಮವನ್ನು ನಾನು ತಡವಾಗಿ ತಿಳಿದುಕೊಂಡೆ. ನಾವು ಕಟ್ಟೆಯನ್ನು ಕಂಡರೆ ನೀರು ಎಷ್ಟಿದೆ ಎಂದು ನೋಡುತ್ತೇವೆ. ಪ್ರವಾಹವನ್ನು ತಡೆಯುವ ಕಟ್ಟೆಯಲ್ಲಿ ನೋಡಬೇಕಾದುದು ಎಷ್ಟು ಖಾಲಿಯಿದೆ ಎಂಬುದನ್ನು. ತುಂಬಿದ ಜಲಾಶಯ ಹೊಸ ನೀರನ್ನು ಎಲ್ಲಿ ಇಟ್ಟುಕೊಳ್ಳಬೇಕು? ಬಂದುದನ್ನು ಬಂದಂತೆ ಕೆಳಗೆ ದಾಟಿಸುವುದಲ್ಲದೆ ಅದಕ್ಕೆ ಬೇರೆ ಗತಿಯಿಲ್ಲ.

1909ರ ಅಕ್ಟೋಬರ್ 1ರಂದು ಅವರು ವರದಿಯನ್ನು ಒಪ್ಪಿಸಿದರು. ಒಂದೂವರೆ ತಿಂಗಳಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು. ಮುಂದಿನದು ನಮಗೆಲ್ಲ ಪಾಠವಾಗಿ ಬಾಯಿಗೆ ಬರುವಂಥದು: 1911ರಲ್ಲಿ ಕನ್ನಂಬಾಡಿಯ ಕೆಲಸದ ಆರಂಭ, 1912ರಿಂದ 1918ರವರೆಗೆ ದಿವಾನಗಿರಿ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ. ಇವೆಲ್ಲ ಸಣ್ಣ ಕೆಲಸಗಳೆಂದು ನಾನು ಹೇಳುತ್ತಿಲ್ಲ. ಬೇರೆಯವರು ಚೆನ್ನಾಗಿ ಬರೆದಿದ್ದಾರೆ ಎನ್ನುತ್ತಿದ್ದೇನೆ.

ಹೈದರಾಬಾದು ಅವರ ವರದಿಯನ್ನು ಕಪಾಟಿನಲ್ಲಿಡಲಿಲ್ಲ. 1911ರಲ್ಲಿ ಪಟ್ಟಕ್ಕೆ ಬಂದ ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಮೂಸಿಯ ಮೇಲಿನ ಜಲಾಶಯ 1920ರಲ್ಲಿ ಮುಗಿದು ಉಸ್ಮಾನ್ ಸಾಗರವೆಂದು ಹೆಸರಾಯಿತು. ಗಂಡಿಪೇಟೆಯ ಕೆರೆ ಎಂದು ಜನ ಕರೆಯುವುದು ಇದನ್ನೇ. ಈಸಿಯ ಮೇಲಿನದು 1927ರಲ್ಲಿ ಮುಗಿದು ಹಿಮಾಯತ್ ಸಾಗರವಾಯಿತು. 1912ರಲ್ಲಿ ನಗರ ಸುಧಾರಣಾ ಮಂಡಳಿಯೊಂದು ಏರ್ಪಟ್ಟು ಓಣಿಗಳನ್ನು ಅಗಲಿಸಿತು, ಇಕ್ಕಟ್ಟಾದ ಕೇರಿಗಳನ್ನು ತೆಗೆಯಿತು. ಹೊಳೆಯ ಎರಡು ದಂಡೆಗಳ ಮೇಲೆ ಎದುರುಬದುರಾಗಿ ಉಚ್ಚ ನ್ಯಾಯಾಲಯ, ಉಸ್ಮಾನಿಯಾ ಆಸ್ಪತ್ರೆ, ಸಿಟಿ ಕಾಲೇಜುಗಳ ಭವ್ಯ ಕಟ್ಟಡಗಳು ಎದ್ದವು. ಪ್ರವಾಹ ಕೆಡವಿದ ಜಾಗವೇ ಪಟ್ಟಣದ ಮುಖವಾಯಿತು. ವಿಶ್ವೇಶ್ವರಯ್ಯನವರು 1922ರಲ್ಲಿಯೂ 1930ರಲ್ಲಿಯೂ ಮತ್ತೆ ಅಲ್ಲಿಗೆ ಹೋಗಿ ಒಳಚರಂಡಿಯ ಕೆಲಸವನ್ನು ನೋಡಿಕೊಟ್ಟರು. ಕೇರಿಗಳನ್ನು ತೆಗೆದಾಗ ಅಲ್ಲಿದ್ದ ಬಡವರು ಎಲ್ಲಿಗೆ ಹೋದರೆಂಬುದು ಮಾತ್ರ ಜಲಾಶಯದ ಘನ ಅಡಿಗಳಷ್ಟು ವಿವರವಾಗಿ ನನಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಲಿಲ್ಲ. ನನ್ನ ಮಾವನಂಥವರು ಬಂದು ಸೇರುವ ತಗ್ಗಿನ ಓಣಿಗಳನ್ನು ನೋಡಿದರೆ ಊಹಿಸಬಹುದು.

ಪಟ್ಟಣ ಬೆಳೆಯಿತು. ಪ್ರವಾಹಕ್ಕೆಂದು ಕಟ್ಟಿದ ಜಲಾಶಯಗಳೇ ಅದರ ಕುಡಿಯುವ ನೀರಿನ ಆಧಾರವಾದವು. ಇದು ಒಳ್ಳೆಯದೇ. ಆದರೆ ಒಂದೇ ಪಾತ್ರೆಗೆ ಎರಡು ಕೆಲಸಗಳು ಬಿದ್ದವು, ಎರಡೂ ಒಂದಕ್ಕೊಂದು ವಿರುದ್ಧ. ಬಾಯಾರಿದವನು ಕೆರೆ ತುಂಬಿರಲಿ ಎನ್ನುತ್ತಾನೆ, ತಗ್ಗಿನಲ್ಲಿರುವವನು ಖಾಲಿಯಿರಲಿ ಎನ್ನುತ್ತಾನೆ. ಇತ್ತ, ಮೇಲೆ ನೀರು ನಿಂತುಬಿಟ್ಟುದರಿಂದ ಪಟ್ಟಣದೊಳಗಿನ ಮೂಸಿ ಒಣಗಿತು. ಹೊಳೆ ಬಾರದ ವರ್ಷಗಳು ಹತ್ತಾದವು, ಇಪ್ಪತ್ತಾದವು. ಒಣಗಿದ ಪಾತ್ರ ಖಾಲಿ ನಿವೇಶನದಂತೆ ಕಂಡಿತು. ಇದು ವಿಶ್ವೇಶ್ವರಯ್ಯನವರ ತಪ್ಪೆಂದು ನಾನು ಹೇಳಲಾರೆ. ಆದರೆ ಅವರು ಕೊಟ್ಟ ರಕ್ಷಣೆಯಿಂದಲೇ ಜನರಿಗೆ ಭಯ ಮರೆಯಿತು ಎಂಬುದನ್ನು ಹೇಳದೆ ಬಿಡಲೂ ಆರೆ.

ವೃದ್ಧಾಪ್ಯದಲ್ಲಿಯೂ ಅವರನ್ನು ನೀರಿನ ಕೆಲಸ ಬಿಡಲಿಲ್ಲ. 1937ರ ಪ್ರವಾಹದ ಅನಂತರ ಒರಿಸ್ಸಾದವರು ಕೇಳಿಕೊಂಡಾಗ ಮಹಾನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬಹುದೆಂದು ಸೂಚಿಸಿದರು. ಮೂಸಿಯಲ್ಲಿ ನಡೆದ ಯೋಚನೆಯೇ ಅದು, ದೊಡ್ಡ ಹೊಳೆಗೆ. ಅಲ್ಲಿ ಕಟ್ಟಿದ ಹೀರಾಕುಡ್ ಅಣೆಕಟ್ಟು 1957ರಲ್ಲಿ ಉದ್ಘಾಟನೆಯಾಯಿತು. 1955ರಲ್ಲಿ ಅವರಿಗೆ ಭಾರತರತ್ನ ಬಂತು.

ಈಗ ಖಡಕವಾಸ್ಲಾ. 1961ರ ಜುಲೈ 12ರಂದು, ಪುಣೆಯ ಮೇಲ್ಗಡೆ ಇನ್ನೂ ಕಟ್ಟುತ್ತಿದ್ದ ಪಾನ್‌ಶೇತ್ ಎಂಬ ಮಣ್ಣಿನ ಅಣೆಕಟ್ಟು ಒಡೆಯಿತು. ಆ ನೀರೆಲ್ಲ ಖಡಕವಾಸ್ಲಾಕ್ಕೆ ಬಂತು. ಕೆಲವು ಗಂಟೆಗಳಲ್ಲಿ ಅದೂ ಒಡೆಯಿತು. ವಿಶ್ವೇಶ್ವರಯ್ಯನವರು ಯೌವನದಲ್ಲಿ ಬಾಗಿಲುಗಳನ್ನು ಇಟ್ಟಿದ್ದ ಅದೇ ಕಟ್ಟೆ. ಮುಠಾ ನದಿ ಪುಣೆಯ ಹಳೆಯ ಪೇಟೆಗಳೊಳಗೆ ನುಗ್ಗಿ ಪೇಶ್ವೆಗಳ ಕಾಲದ ವಾಡೆಗಳನ್ನು ಕೆಡವಿತು. ಮೇಲಿನ ಏರಿ ಒಡೆದರೆ ಕೆಳಗಿನದು ತಾಳದು ಎಂಬ 1908ರ ಪಾಠವೇ ಇಲ್ಲಿಯೂ ನಡೆಯಿತು, ಈ ಸಲ ಹಳ್ಳಿಯ ಕೆರೆಗಳಲ್ಲಲ್ಲ, ಇಂಜಿನಿಯರುಗಳು ಕಟ್ಟಿದ ಕಟ್ಟೆಗಳಲ್ಲಿ. ತಾನಾಗಿ ತೆರೆದುಕೊಳ್ಳುವ ಬಾಗಿಲು ಮಳೆಗಾಲದ ನೀರಿಗೆ ಸಾಕು. ಒಂದು ಇಡೀ ಜಲಾಶಯವೇ ಮೇಲೆ ಬಂದು ಬಿದ್ದರೆ ಯಾವ ಬಾಗಿಲೂ ಸಾಲದು. ಆಗ ವಿಶ್ವೇಶ್ವರಯ್ಯನವರು ನೂರರ ಆಸುಪಾಸಿನಲ್ಲಿದ್ದರು. 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ದೇಹವನ್ನು ಮುದ್ದೇನಹಳ್ಳಿಗೆ ಒಯ್ದರು.

ಅವರ ಕಾಲ ಮುಗಿದ ಮೇಲಿನ ಮಾತನ್ನೂ ಸ್ವಲ್ಪ ಹೇಳಬೇಕು. ಮಾವನ ಮಾತು ನನ್ನ ತಲೆಯಲ್ಲಿ ಇನ್ನೂ ಇದೆ. 2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಭಾರಿ ಮಳೆ ಬಿತ್ತು. ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆಯಬೇಕಾಯಿತು. ಮೂಸಿ ತಗ್ಗಿನ ಓಣಿಗಳಿಗೆ ಬಂತು. ಕೆಲವೇ ದಿನಗಳಲ್ಲಿ ಹಳೆಯ ಪಟ್ಟಣದ ದಕ್ಷಿಣಕ್ಕಿರುವ ಗುರ್ರಂ ಚೆರುವು ಎಂಬ ಕೆರೆಯ ಏರಿ ಒಡೆದು ಕೆಳಗಿನ ಬಡಾವಣೆಗಳು ಮುಳುಗಿದವು. ವಿಶ್ವೇಶ್ವರಯ್ಯನವರ 221 ಕೆರೆಗಳ ಪಟ್ಟಿಗೆ ನೂರ ಹನ್ನೆರಡು ವರ್ಷಗಳ ಮೇಲೆ ಇನ್ನೊಂದು ಸೇರಿದಂತಾಯಿತು. ಆ ವಾರ ಮಾವನ ನಾಲ್ಕು ಹೊಲಿಗೆಯ ಯಂತ್ರಗಳು ಕೆಸರಿನೊಳಗೆ ಹೋದವು. ಗಿರಾಕಿಗಳು ಕೊಟ್ಟಿದ್ದ ಮದುವೆಯ ಬಟ್ಟೆಗಳಿಗೆ ಅವರು ಸಾಲ ಮಾಡಿ ಬೆಲೆ ತೆತ್ತರು. 2025ರಲ್ಲಿ ಬಾಗಿಲು ತೆರೆಯುವ ಸುದ್ದಿ ಮೊದಲೇ ತಿಳಿದಿತ್ತು. ನನ್ನನ್ನು ನಿಲ್ದಾಣಕ್ಕೆ ಕಳಿಸುವ ಮೊದಲು ನಾವಿಬ್ಬರೂ ಸೇರಿ ಯಂತ್ರದ ತಲೆಗಳನ್ನು ಬಿಚ್ಚಿ ಮಾಳಿಗೆಗೆ ಸಾಗಿಸಿದ್ದೆವು. ಇದ್ದುದು ಎರಡೇ ಯಂತ್ರ.

ಆ ದಿನ ನಾನು ಅವರನ್ನು ಕೇಳಿದೆ, ಇಲ್ಲಿಂದ ಎತ್ತರದ ಜಾಗಕ್ಕೆ ಹೋಗಬಾರದೇ ಎಂದು. ಎತ್ತರದಲ್ಲಿ ಬಾಡಿಗೆಯೂ ಎತ್ತರವೆಂದರು. ಗಿರಾಕಿಗಳೆಲ್ಲ ಈ ಓಣಿಯವರೇ ಎಂದರು. ಆಮೇಲೆ ಎಣ್ಣೆಯ ಡಬ್ಬಿಯನ್ನು ತೆಗೆದುಕೊಂಡು ಯಂತ್ರಕ್ಕೆ ಎಣ್ಣೆ ಬಿಡಲು ಕುಳಿತರು.

ಸಂಜೆಗೆ ನೀರು ಇಳಿಯಿತು. ಬಸ್ಸು ಆ ದಿನ ನಿಲ್ದಾಣದಿಂದ ಹೊರಡಲಿಲ್ಲ. ಊರಾಚೆ ಹೋಗಿ ಹತ್ತಿದೆ. ನಮ್ಮ ಕಡೆಗೆ ಬರುವ ಚೇವೆಳ್ಳದ ರಸ್ತೆ ಎರಡು ಜಲಾಶಯಗಳ ನಡುವೆ ಹಾದು ಬರುತ್ತದೆ. ಬಲಕ್ಕೆ ಉಸ್ಮಾನ್ ಸಾಗರ, ಎಡಕ್ಕೆ ಹಿಮಾಯತ್ ಸಾಗರ. ಈ ಜಲಾಶಯಗಳ ಸುತ್ತ ಹತ್ತು ಕಿಲೋಮೀಟರಿನೊಳಗೆ ದೊಡ್ಡ ಕಟ್ಟಡಗಳು ಕೂಡದೆಂದು 1996ರಲ್ಲಿ ಒಂದು ಸರ್ಕಾರಿ ಆಜ್ಞೆ ಹೊರಟಿತ್ತು. 2022ರಲ್ಲಿ ಇನ್ನೊಂದು ಆಜ್ಞೆ ಅದನ್ನು ಸಡಿಲಿಸಿತು. ಎಷ್ಟೋ ಸಲ ಈ ದಾರಿಯಲ್ಲಿ ಓಡಾಡಿದ್ದರೂ ಕಿಟಕಿಯಿಂದ ಹೊರಗೆ ನೋಡಿದುದು ಅದೇ ಮೊದಲು. ನೀರು ಕಾಣಿಸಲಿಲ್ಲ. ರಸ್ತೆಯ ಎರಡೂ ಕಡೆ ಒದ್ದೆಯಾದ ಹೊಲಗಳು, ಹೊಲಗಳಲ್ಲಿ ಸಾಲಾಗಿ ನೆಟ್ಟ ಸಣ್ಣ ಬಿಳಿಯ ಕಲ್ಲುಗಳು, ಅವುಗಳ ಮುಂದೆ ನಿವೇಶನಗಳು ಮಾರಾಟಕ್ಕಿವೆ ಎಂಬ ಹಲಗೆಗಳು. ಪಕ್ಕದಲ್ಲಿ ಕುಳಿತಿದ್ದ ಚಿಂಚೋಳಿಯ ಯಜಮಾನರೊಬ್ಬರು ಅದರಲ್ಲಿ ಒಂದರ ಬೆಲೆಯನ್ನು ಬೆರಳಿನ ಮೇಲೆ ಲೆಕ್ಕ ಹಾಕುತ್ತಿದ್ದರು.